ಒಣ ಹುಲ್ಲುಬಯಲಿನ ಮುಸ್ಸಂಜೆ ಹೂ: ಅದರ ಒಂದು ರಾತ್ರಿಯ ಬಾಳು

ಹೂವು ಹಗಲಿನಲ್ಲಿ ಅರಳಬೇಕು, ದುಂಬಿ ಜೇನ್ನೊಣಗಳು ಬಿಸಿಲಿನಲ್ಲಿ ಬಂದು ಅದನ್ನು ಮುಟ್ಟಬೇಕು ಎಂಬುದು ಸಸ್ಯಶಾಸ್ತ್ರದ ಪ್ರಥಮ ಪಾಠಗಳಿಂದ ನಮ್ಮ ಮನಸ್ಸಿನಲ್ಲಿ ನೆಲೆಗೊಂಡಿರುವ ಚಿತ್ರ. ಪಾರಿಜಾತವನ್ನೂ ಸಂಜೆಮಲ್ಲಿಗೆಯನ್ನೂ ಸುಗಂಧರಾಜವನ್ನೂ ಬಲ್ಲ ಕನ್ನಡಿಗರಿಗೆ ಈ ಚಿತ್ರ ಅಪೂರ್ಣವೆಂದು ಬೇರೆ ಹೇಳಬೇಕಾಗಿಲ್ಲ. ಹೊತ್ತು ಇಳಿದ ಮೇಲೆ ಅರಳಿ, ಇರುಳೆಲ್ಲ ಕಂಪು ಬೀರಿ, ಬೆಳಗಾಗುವಷ್ಟರಲ್ಲಿ ಬಾಡುವ ಅಥವಾ ಉದುರುವ ಹೂಗಳು ಎಲ್ಲ ನಾಡುಗಳಲ್ಲಿಯೂ ಇವೆ. ಇವುಗಳ ಜೀವನಕ್ರಮವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಸಸ್ಯಗಳಲ್ಲಿ ಒಂದು, ಉತ್ತರ ಅಮೆರಿಕದ ಒಣ ಹುಲ್ಲುಬಯಲುಗಳಲ್ಲಿ ತಾನಾಗಿ ಬೆಳೆಯುವ ಈನೋತೆರ. ಇದಕ್ಕೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲದ ಕಾರಣ, ಅರಳುವ ಹೊತ್ತನ್ನು ಹಿಡಿದು ಈ ಲೇಖನದಲ್ಲಿ ನಾವು ಇದನ್ನು ಮುಸ್ಸಂಜೆ ಹೂ ಎಂದು ಕರೆಯುತ್ತೇವೆ.

ಅನುವಂಶೀಯತೆಯನ್ನು ವ್ಯಾಸಂಗಮಾಡಿದವರಿಗೆ ಈ ಜಾತಿಯ ಹೆಸರು ಹೊಸದಲ್ಲ. 1886ರಲ್ಲಿ ಹಾಲೆಂಡಿನ ಹಿಲ್ವರ್ಸಮ್ ಊರಿನ ಬಳಿ, ಪಾಳುಬಿದ್ದ ಆಲೂಗೆಡ್ಡೆಯ ಹೊಲವೊಂದರಲ್ಲಿ ಹರಡಿಕೊಂಡಿದ್ದ ಈನೋತೆರ ಲಮಾರ್ಕಿಯಾನ ಗಿಡಗಳನ್ನು ಹ್ಯೂಗೋ ಡಿ ವ್ರೀಸ್ ಕಂಡನು. ಅವುಗಳಲ್ಲಿ ಹಠಾತ್ತಾಗಿ ತೋರಿದ ಹೊಸ ರೂಪಗಳನ್ನು ಆಧಾರವಾಗಿಟ್ಟುಕೊಂಡು ತನ್ನ ಉತ್ಪರಿವರ್ತನ ವಾದವನ್ನು 1901ರಿಂದ 1903ರವರೆಗೆ ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಆ ರೂಪಗಳಲ್ಲಿ ಹೆಚ್ಚಿನವು ಈ ಸಸ್ಯದ ವರ್ಣತಂತುಗಳ ವಿಚಿತ್ರ ವ್ಯವಸ್ಥೆಯಿಂದ ಉಂಟಾದವೆಂದು ಆಮೇಲೆ ರೆನ್ನರ್, ಕ್ಲೀಲೆಂಡ್ ಮೊದಲಾದವರ ಸಂಶೋಧನೆಗಳಿಂದ ತಿಳಿದುಬಂತು. ಹೀಗೆ ಪ್ರಯೋಗಶಾಲೆಯಲ್ಲಿ ಕೀರ್ತಿ ಪಡೆದ ಈ ಸಸ್ಯ ತನ್ನ ಹುಟ್ಟುನೆಲದಲ್ಲಿ ಹೇಗೆ ಬಾಳುತ್ತದೆ, ಅದರ ಹೂವು ರಾತ್ರಿಯನ್ನೇ ಏಕೆ ಆರಿಸಿಕೊಂಡಿದೆ, ಆ ರಾತ್ರಿಗೆ ಈಗ ಬಂದಿರುವ ತೊಡಕು ಯಾವುದು ಎಂಬುದನ್ನು ಇಲ್ಲಿ ವಿವರಿಸುವುದು ನಮ್ಮ ಉದ್ದೇಶ.

೧. ನೆಲವೂ ಗಿಡವೂ

ಉತ್ತರ ಅಮೆರಿಕ ಖಂಡದ ನಡುಭಾಗದಲ್ಲಿ, ರಾಕಿ ಪರ್ವತಶ್ರೇಣಿಯ ಪೂರ್ವಕ್ಕೆ, ಕೆನಡದ ಆಲ್ಬರ್ಟ ಮತ್ತು ಸಸ್ಕಾಚೆವಾನ್ ಪ್ರಾಂತಗಳಿಂದ ದಕ್ಷಿಣದಲ್ಲಿ ಟೆಕ್ಸಾಸಿನವರೆಗೆ ವಿಶಾಲವಾದ ಹುಲ್ಲುಬಯಲು ಹಬ್ಬಿದೆ. ಇದಕ್ಕೆ ಪ್ರೈರಿ ಎಂದು ಹೆಸರು. ಪಶ್ಚಿಮದಿಂದ ಬರುವ ತೇವದ ಗಾಳಿ ತನ್ನ ನೀರನ್ನು ಬಹುಮಟ್ಟಿಗೆ ಪರ್ವತಗಳ ಮೇಲೆ ಸುರಿಸಿಬಿಡುವುದರಿಂದ, ಪರ್ವತದ ಬುಡಕ್ಕೆ ಹತ್ತಿರವಾದ ಬಯಲು ಮಳೆಯ ಮರೆಯಲ್ಲಿ ಉಳಿಯುತ್ತದೆ. ಪೂರ್ವದ ಕಡೆಗೆ ಹೋದಂತೆ ಮಳೆ ಹೆಚ್ಚಿ ಹುಲ್ಲು ಆಳೆತ್ತರಕ್ಕೆ ಬೆಳೆಯುತ್ತದೆ. ಪಶ್ಚಿಮದಲ್ಲಿ ವರ್ಷಕ್ಕೆ ಸುಮಾರು 300ರಿಂದ 500 ಮಿಲಿಮೀಟರ್ ಮಳೆಯಷ್ಟೇ ಬೀಳುವ ಕಡೆ ಗಿಡ್ಡ ಹುಲ್ಲು ಮಾತ್ರ ನಿಲ್ಲುತ್ತದೆ. ಮಳೆಯ ಪ್ರಮಾಣದಲ್ಲಿ ಈ ನೆಲವನ್ನು ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳಿಗೆ ಹೋಲಿಸಬಹುದಾದರೂ, ಅಲ್ಲಿಯ ಚಳಿಗಾಲ ಹಿಮ ಸುರಿಯುವಷ್ಟು ಕಠಿಣವಾದುದೆಂಬುದನ್ನು ಮರೆಯುವಂತಿಲ್ಲ.

ಈನೋತೆರ ಜಾತಿಯಲ್ಲಿ ಸುಮಾರು 145 ಪ್ರಭೇದಗಳಿವೆ. ಎಲ್ಲವೂ ಅಮೆರಿಕ ಖಂಡಗಳಿಗೆ ಸೇರಿದವು. ನಾವು ಮುಖ್ಯವಾಗಿ ಗಮನಕ್ಕೆ ತೆಗೆದುಕೊಳ್ಳುವುದು ಈನೋತೆರ ಸೆಸ್ಪಿಟೋಸ ಎಂಬ ಪ್ರಭೇದವನ್ನು. 1811ರಲ್ಲಿ ಮಿಸೂರಿ ನದಿಯನ್ನು ಅನುಸರಿಸಿ ಪ್ರಯಾಣಮಾಡಿದ ತಾಮಸ್ ನಟಾಲ್ ಎಂಬ ಸಸ್ಯಶಾಸ್ತ್ರಜ್ಞ ಕೊಟ್ಟ ಈ ಹೆಸರು 1813ರಲ್ಲಿ ಪ್ರಕಟವಾಯಿತು. ಗಿಡಕ್ಕೆ ಕಾಂಡವೇ ಇಲ್ಲವೆಂಬಷ್ಟು ಗಿಡ್ಡ ಮೈ. ನೆಲಕ್ಕೆ ಒತ್ತಿದಂತೆ ಉದ್ದನೆಯ ಎಲೆಗಳು ಸುತ್ತಲೂ ಹರಡಿಕೊಂಡಿರುತ್ತವೆ. ದಪ್ಪನೆಯ ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಹುಲ್ಲು ಸಹ ಬೇರೂರಲು ಹಿಂಜರಿಯುವ ಜೇಡಿಮಣ್ಣಿನ ಇಳಿಜಾರು, ಕೊರಕಲು, ರಸ್ತೆಗಾಗಿ ಕಡಿದ ದಿಣ್ಣೆಯ ಅಂಚು ಇಂಥ ಕಡೆಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಹಗಲಿನಲ್ಲಿ ನೋಡಿದವರಿಗೆ ಧೂಳು ಹಿಡಿದ ಎಲೆಗಳೂ ಹಿಂದಿನ ದಿನದ ಬಾಡಿದ ಹೂಗಳೂ ಮಾತ್ರ ಕಾಣುವುದರಿಂದ, ಇದನ್ನು ಗಮನಿಸದೆ ದಾಟಿಹೋಗುವುದೇ ಹೆಚ್ಚು.

ಸೂರ್ಯ ಮುಳುಗುವ ಹೊತ್ತಿಗೆ ಸಂಗತಿ ಬೇರೆಯಾಗುತ್ತದೆ. ನೀಳವಾದ ಮೊಗ್ಗುಗಳು ಬಿರಿದು, ಬೆಳ್ಳಗಿನ ನಾಲ್ಕು ಅಗಲವಾದ ದಳಗಳ ಹೂಗಳು ನೆಲದ ಮಟ್ಟದಲ್ಲಿ ತೆರೆದುಕೊಳ್ಳುತ್ತವೆ. ಅಂಗೈಯನ್ನು ಬಹುಮಟ್ಟಿಗೆ ತುಂಬುವಷ್ಟು ದೊಡ್ಡ ಹೂವು ಅಷ್ಟು ಸಣ್ಣ ಗಿಡದಲ್ಲಿ ಬಿಡುವುದು ಆಶ್ಚರ್ಯಕರ. ಮರುದಿನ ಬಿಸಿಲೇರುವಾಗ ದಳಗಳು ನಸುಗೆಂಪಿಗೆ ತಿರುಗಿ ಮುದುಡಿಕೊಳ್ಳುತ್ತವೆ. ಗಿಡ ವಾರಗಟ್ಟಲೆ ಹೊಸ ಮೊಗ್ಗುಗಳನ್ನು ಬಿಡುತ್ತದೆಯಾದರೂ ಪ್ರತಿಯೊಂದು ಹೂವಿಗೂ ದೊರೆಯುವುದು ಒಂದೇ ರಾತ್ರಿ.

೨. ಇರುಳಿನಲ್ಲಿ ಅರಳಲು ಕಾರಣ

ಒಣನೆಲದ ಸಸ್ಯ ರಾತ್ರಿಯಲ್ಲಿ ಅರಳುವುದಕ್ಕೆ ನೀರಿನ ಮಿತವ್ಯಯವೇ ಕಾರಣವೆಂದು ಒಡನೆಯೇ ಹೇಳಿಬಿಡುವುದುಂಟು. ಈ ಉತ್ತರದಲ್ಲಿ ಸತ್ಯಾಂಶವಿದೆ. ದಳಗಳು ತೆಳುವಾದವು, ಎಲೆಗಳಂತೆ ದಪ್ಪನೆಯ ಮೇಣದ ಪೊರೆಯಿಂದ ನೀರನ್ನು ಕಾಪಾಡಿಕೊಳ್ಳಲಾರವು. ಬೇಸಗೆಯ ಮಧ್ಯಾಹ್ನದ ಬಿಸಿಗಾಳಿಯಲ್ಲಿ ಅಷ್ಟು ಅಗಲವಾದ ದಳಗಳನ್ನು ಹರಡಿದರೆ ಗಿಡ ಬೇರಿನಿಂದ ಕಷ್ಟಪಟ್ಟು ಎತ್ತಿದ ನೀರು ಹೂವಿನ ಮೂಲಕವೇ ಹೋಗಿಬಿಡುತ್ತದೆ. ಮಕರಂದದ ನೀರೂ ಆರಿ, ಹೀರುವುದಕ್ಕೆ ಬಾರದಷ್ಟು ಗಟ್ಟಿಯಾಗುವ ಸಂಭವವುಂಟು. ರಾತ್ರಿಯ ತಂಪಿನಲ್ಲಿ ಈ ನಷ್ಟ ಕಡಮೆ.

ಆದರೆ ಇದೊಂದೇ ಕಾರಣವಾಗಿದ್ದರೆ ಆ ಬಯಲಿನ ಹೂಗಳೆಲ್ಲ ರಾತ್ರಿಯಲ್ಲಿಯೇ ಅರಳಬೇಕಾಗಿತ್ತು. ವಾಸ್ತವವಾಗಿ ಸೂರ್ಯಕಾಂತಿ, ಗೈಲಾರ್ಡಿಯ ಮೊದಲಾದವು ಅದೇ ನೆಲದಲ್ಲಿ ಸುಡುಬಿಸಿಲಿಗೆ ಮುಖ ಕೊಟ್ಟು ಅರಳುತ್ತವೆ. ಅಷ್ಟೇ ಅಲ್ಲ, ಈನೋತೆರ ಜಾತಿಯಲ್ಲಿಯೇ ಸೆರ್ರುಲೇಟ ಎಂಬ ಹಳದಿ ಹೂವಿನ ಪ್ರಭೇದ ಹಗಲಿನಲ್ಲಿ ಅರಳುತ್ತದೆ. ಅದರ ಹೂಗಳು ಚಿಕ್ಕವು. ಹೆಚ್ಚಾಗಿ ತಮ್ಮ ಪರಾಗದಿಂದಲೇ ಬೀಜ ಕಟ್ಟಿಕೊಳ್ಳುತ್ತವೆ. ಸೆಸ್ಪಿಟೋಸದ ಹೂವಿಗೆ ಆ ಅನುಕೂಲವಿಲ್ಲ. ಅದರಲ್ಲಿ ಸ್ವಪರಾಗ ಫಲಿಸುವುದಿಲ್ಲ. ಬೇರೊಂದು ಗಿಡದ ಪರಾಗ ಬಂದು ಮುಟ್ಟಿದರೆ ಮಾತ್ರ ಬೀಜ. ಆದುದರಿಂದ ನೀರಿನ ಲೆಕ್ಕದ ಜೊತೆಗೆ, ಆ ಪರಾಗವನ್ನು ಹೊತ್ತು ತರುವವರು ಯಾವ ಹೊತ್ತಿನಲ್ಲಿ ತಿರುಗಾಡುತ್ತಾರೆ ಎಂಬುದನ್ನೂ ಸೇರಿಸಿದಾಗಲೇ ರಾತ್ರಿಯ ಅರಳುವಿಕೆಗೆ ಪೂರ್ಣವಾದ ಅರ್ಥ ದೊರೆಯುತ್ತದೆ. ಹೂವಿನ ರಚನೆಯನ್ನು ಪರಿಶೀಲಿಸಿದರೆ ಆ ಅತಿಥಿ ಯಾರೆಂಬುದು ಊಹೆಗೆ ನಿಲುಕುತ್ತದೆ.

೩. ಹೂವಿನ ರಚನೆ

ಈ ಹೂವಿನಲ್ಲಿ ನಾಲ್ಕು ಪುಷ್ಪಪತ್ರಗಳು, ನಾಲ್ಕು ದಳಗಳು, ಎಂಟು ಕೇಸರಗಳು ಇವೆ. ಶಲಾಕೆಯ ತುದಿ ನಾಲ್ಕು ಹೋಳುಗಳಾಗಿ ಶಿಲುಬೆಯಂತೆ ಚಾಚಿಕೊಂಡಿರುತ್ತದೆ. ಹೂವು ತೊಟ್ಟಿನ ಮೇಲೆ ನಿಂತಿದೆಯೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ತೊಟ್ಟೆಂದು ತೋರುವುದು ನಿಜವಾಗಿ ಹೂವಿನದೇ ಭಾಗವಾದ ಉದ್ದನೆಯ ಕೊಳವೆ. ಸೆಸ್ಪಿಟೋಸದಲ್ಲಿ ಇದು ಹಲವು ವೇಳೆ ಹತ್ತು ಸೆಂಟಿಮೀಟರಿಗೂ ಉದ್ದವಾಗಿರುತ್ತದೆ. ಅಂಡಾಶಯ ಕೊಳವೆಯ ಬುಡದಲ್ಲಿ, ಎಲೆಗಳ ನಡುವೆ ನೆಲಕ್ಕೆ ತಾಗಿದಂತೆ ಅಡಗಿರುತ್ತದೆ. ಮಕರಂದ ಒಸರುವುದೂ ಈ ಕೊಳವೆಯ ತಳದಲ್ಲಿಯೇ.

ಪರಾಗದಲ್ಲಿಯೂ ಒಂದು ವಿಶೇಷವುಂಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪರಾಗದ ಕಣಗಳು ಮುಮ್ಮೂಲೆಯ ಆಕಾರದಲ್ಲಿದ್ದು, ಅಂಟಾದ ಸೂಕ್ಷ್ಮ ಎಳೆಗಳಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಈ ಕುಟುಂಬದ ಸಸ್ಯಗಳಿಗೆಲ್ಲ ಇದು ಸಾಮಾನ್ಯ ಲಕ್ಷಣ. ಹೀಗಾಗಿ ಕೇಸರವನ್ನು ತಾಗಿದ ಕೀಟಕ್ಕೆ ಪರಾಗ ಪುಡಿಯಾಗಿ ಅಂಟದೆ ಹಾರದಂತೆ ಎಳೆಯೆಳೆಯಾಗಿ ಜೋತುಬೀಳುತ್ತದೆ. ಒಂದೇ ಭೇಟಿಯಲ್ಲಿ ನೂರಾರು ಕಣಗಳು ಒಟ್ಟಿಗೆ ಸಾಗಿಹೋಗಲು ಇದರಿಂದ ಅನುಕೂಲ.

ಮೊಗ್ಗು ಬಿರಿಯುವುದು ಸಸ್ಯದ ಒಳಗಡಿಯಾರವನ್ನೂ ಬೆಳಕು ಉಷ್ಣತೆಗಳ ಏರಿಳಿತವನ್ನೂ ಅನುಸರಿಸಿ ನಡೆಯುವ ಕ್ರಿಯೆ. ದಳಗಳ ಜೀವಕೋಶಗಳು ನೀರನ್ನು ತುಂಬಿಕೊಂಡು ಹಿಗ್ಗುತ್ತವೆ. ತುದಿಯಲ್ಲಿ ಕೂಡಿಕೊಂಡಿರುವ ಪುಷ್ಪಪತ್ರಗಳು ಈ ಒತ್ತಡವನ್ನು ಸ್ವಲ್ಪ ಕಾಲ ತಡೆದು, ಕೊನೆಗೆ ಸೀಳಿ ಕೆಳಕ್ಕೆ ಮಡಿಚಿಕೊಳ್ಳುತ್ತವೆ. ಆಗ ಸುರುಳಿಯಾಗಿದ್ದ ದಳಗಳು ಬಿಚ್ಚಿಕೊಳ್ಳುತ್ತವೆ. ಈ ಜಾತಿಯ ಕೆಲವು ಪ್ರಭೇದಗಳಲ್ಲಿ ಇದೆಲ್ಲವೂ ಕೆಲವೇ ನಿಮಿಷಗಳಲ್ಲಿ, ನೋಡುವವರ ಕಣ್ಣಿಗೆ ಕಾಣುವಂತೆಯೇ ನಡೆದುಹೋಗುತ್ತದೆ.

ಉದ್ದನೆಯ ಕೊಳವೆ, ತಳದಲ್ಲಿ ಮಕರಂದ, ಬಿಳಿಯ ಬಣ್ಣ, ಗಾಢವಾದ ಕಂಪು, ಕೂರಲು ಆಸರೆಯಿಲ್ಲದ ಮುಖ, ಸಂಜೆಯ ಹೊತ್ತು: ಇವೆಲ್ಲವೂ ಒಂದೇ ಬಗೆಯ ಕೀಟದ ಕಡೆಗೆ ಬೆರಳು ತೋರುತ್ತವೆ. ಆ ಕೀಟವೇ ಸ್ಫಿಂಗಿಡೀ ಕುಟುಂಬಕ್ಕೆ ಸೇರಿದ, ಹಾರಾಟದ ವೇಗದಿಂದಾಗಿ ಇಂಗ್ಲಿಷಿನಲ್ಲಿ ಗಿಡುಗದ ಹೆಸರನ್ನು ಪಡೆದಿರುವ ದೊಡ್ಡ ಪತಂಗ.

೪. ಪತಂಗದ ಸಾಮರ್ಥ್ಯ

ಗಿಡುಗ ಪತಂಗ ಹೂವಿನ ಮೇಲೆ ಕೂರುವುದಿಲ್ಲ. ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು, ಸುರುಳಿಯಾಗಿದ್ದ ನಳಿಕೆಯನ್ನು ಬಿಚ್ಚಿ ಕೊಳವೆಯೊಳಕ್ಕೆ ಇಳಿಸಿ ಹೀರುತ್ತದೆ. ಮುಸ್ಸಂಜೆ ಹೂವಿಗೆ ಬರುವವುಗಳಲ್ಲಿ ಮುಖ್ಯವಾದವು ಎರಡು: ರೆಕ್ಕೆಯಲ್ಲಿ ಬಿಳಿಯ ಗೆರೆಗಳಿರುವ ಹೈಲ್ಸ್ ಲೀನಿಯೇಟ, ಅದಕ್ಕಿಂತ ದೊಡ್ಡದಾದ, ಬಹಳ ಉದ್ದನೆಯ ನಳಿಕೆಯುಳ್ಳ ಮ್ಯಾಂಡೂಕ. ಮ್ಯಾಂಡೂಕದ ಮರಿಹುಳುಗಳು ಹೊಗೆಸೊಪ್ಪು ಮತ್ತು ಟೊಮೇಟೊ ಗಿಡಗಳನ್ನು ತಿಂದು ಹಾಕುವುದರಿಂದ ರೈತರಿಗೆ ಶತ್ರುಗಳು. ಹೈಲ್ಸಿನ ಮರಿಹುಳುಗಳು ತಿನ್ನುವ ಹಲವು ಸಸ್ಯಗಳಲ್ಲಿ ಮುಸ್ಸಂಜೆ ಹೂವಿನ ಗಿಡವೂ ಒಂದು. ತಾಯಿಯಿಂದ ಗಿಡಕ್ಕೆ ಬೀಜ, ಮಕ್ಕಳಿಂದ ಅದೇ ಗಿಡಕ್ಕೆ ಎಲೆಯ ನಷ್ಟ. ಇಬ್ಬರ ಸಂಬಂಧವನ್ನು ಕೇವಲ ಸ್ನೇಹವೆಂದು ವರ್ಣಿಸುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟ.

ಗಾಳಿಯಲ್ಲಿ ನಿಲ್ಲುವ ಹಾರಾಟಕ್ಕೆ ಅಪಾರವಾದ ಶಕ್ತಿ ಬೇಕು. ಈ ಪತಂಗಗಳು ಹಾರುವ ಮೊದಲು ರೆಕ್ಕೆಯ ಸ್ನಾಯುಗಳನ್ನು ನಡುಗಿಸಿ ಎದೆಯ ಭಾಗವನ್ನು ಬಿಸಿಮಾಡಿಕೊಳ್ಳುತ್ತವೆ. ಹುಲ್ಲುಬಯಲಿನ ತಣ್ಣನೆಯ ರಾತ್ರಿಯಲ್ಲಿಯೂ ಇವು ಹಾರಬಲ್ಲವು. ಇಂಥ ಕಾವನ್ನು ಕಾಪಾಡಿಕೊಳ್ಳಲು ಸಕ್ಕರೆಯ ಆಹಾರ ಮತ್ತೆ ಮತ್ತೆ ದೊರೆಯಬೇಕು. ಆದಕಾರಣ ಪತಂಗ ಒಂದೇ ರಾತ್ರಿಯಲ್ಲಿ ಬಹಳ ಹೂಗಳನ್ನು ಸಂದರ್ಶಿಸುತ್ತದೆ, ಬಹಳ ದೂರವನ್ನೂ ಕ್ರಮಿಸುತ್ತದೆ. ಗಿಡಗಳು ಚದುರಿ ಬೆಳೆಯುವ ಒಣನೆಲದಲ್ಲಿ ಪರಾಗವನ್ನು ದೂರಕ್ಕೆ ಒಯ್ಯುವ ವಾಹಕ ಇದಕ್ಕಿಂತ ಉತ್ತಮವಾದುದು ಸಿಕ್ಕುವುದು ಕಷ್ಟ.

ಹೂವಿಗೆ ಪತಂಗವಲ್ಲದೆ ಬೇರೆ ಅತಿಥಿಗಳೂ ಉಂಟು. ಮುಸ್ಸಂಜೆಯ ಮತ್ತು ನಸುಕಿನ ಮಂದ ಬೆಳಕಿನಲ್ಲಿ ಹಾರುವುದಕ್ಕೆ ಒಗ್ಗಿದ, ತಲೆಯ ಮೇಲಿನ ಬಿಡಿಗಣ್ಣುಗಳು ಹಿಗ್ಗಿರುವ ಕೆಲವು ಸಣ್ಣ ಜೇನ್ನೊಣಗಳು ಈ ಜಾತಿಯ ಹೂಗಳ ಪರಾಗವನ್ನೇ ಆಶ್ರಯಿಸಿವೆ. ಅವು ಪರಾಗವನ್ನು ಬಹುಮಟ್ಟಿಗೆ ತಮ್ಮ ಗೂಡಿಗೆ ಸಾಗಿಸುತ್ತವೆ. ಹಾರುವ ದೂರವೂ ಕಡಮೆ. ಹೂವಿಗೆ ಅವುಗಳಿಂದ ಉಪಯೋಗವಿಲ್ಲವೆಂದಲ್ಲ, ಆದರೆ ಪತಂಗದ ಸ್ಥಾನವನ್ನು ಅವು ತುಂಬಲಾರವು.

೫. ಹೂವಿನ ಕರೆ

ಕತ್ತಲಲ್ಲಿ, ಮೈಲಿಗಟ್ಟಲೆ ಬಯಲಿನಲ್ಲಿ, ನೆಲಕ್ಕೆ ಅಂಟಿಕೊಂಡಿರುವ ಹೂವನ್ನು ಪತಂಗ ಹೇಗೆ ಪತ್ತೆಹಚ್ಚುತ್ತದೆ? ದೂರ ಹತ್ತಿರಗಳಿಗೆ ತಕ್ಕಂತೆ ಮೂರು ಬಗೆಯ ಸೂಚನೆಗಳನ್ನು ಹೂವು ಒದಗಿಸುತ್ತದೆಯೆಂದು ಈಗ ತಿಳಿದುಬಂದಿದೆ.

ದೂರದ ಸೂಚನೆ ಪರಿಮಳ. ಸುಲಭವಾಗಿ ಆವಿಯಾಗುವ ಹಲವು ಸಂಯುಕ್ತಗಳ ಮಿಶ್ರಣವೇ ಹೂವಿನ ಕಂಪು. ಇವುಗಳಲ್ಲಿ ಮಾನೋಟರ್ಪೀನ್ ಎಂಬ ವರ್ಗಕ್ಕೆ ಸೇರಿದವು ಮುಖ್ಯವಾದವು. ಗಾಳಿ ಬೀಸುವ ದಿಕ್ಕಿನಲ್ಲಿ ಪರಿಮಳ ಎಳೆಯೆಳೆಯಾಗಿ ಸಾಗುತ್ತದೆ. ಪತಂಗ ತನ್ನ ಮೀಸೆಗಳಿಂದ ಅದನ್ನು ಗ್ರಹಿಸಿ, ಎಳೆ ಕಡಿದಲ್ಲಿ ಅತ್ತಿತ್ತ ಹೊಯ್ದಾಡಿ, ಮತ್ತೆ ಸಿಕ್ಕಿದಲ್ಲಿ ಗಾಳಿಗೆ ಎದುರಾಗಿ ಹಾರಿ ಹೂವಿನ ಬಳಿ ಬರುತ್ತದೆ.

ಹತ್ತಿರ ಬಂದ ಮೇಲೆ ನೆರವಾಗುವುದು ಬಿಳಿಯ ಬಣ್ಣ. ಪತಂಗದ ರಾತ್ರಿಯ ದೃಷ್ಟಿ ನಾವು ಊಹಿಸುವುದಕ್ಕಿಂತ ಬಲವಾದುದು. ಯೂರೋಪಿನ ಡೈಲೆಫಿಲ ಎಲ್ಪಿನಾರ್ ಎಂಬ ಗಿಡುಗ ಪತಂಗ ನಕ್ಷತ್ರದ ಬೆಳಕಿನಲ್ಲಿ ಸಹ ಬಣ್ಣಗಳನ್ನು ಬೇರ್ಪಡಿಸಿ ಗುರುತಿಸಬಲ್ಲುದೆಂದು 2002ರಲ್ಲಿ ಪ್ರಯೋಗಗಳಿಂದ ಸಿದ್ಧವಾಯಿತು. ಮನುಷ್ಯನ ಕಣ್ಣಿಗೆ ಆ ಬೆಳಕಿನಲ್ಲಿ ಎಲ್ಲವೂ ಬೂದು.

ಮೂರನೆಯ ಸೂಚನೆ ಅತ್ಯಂತ ಸೂಕ್ಷ್ಮವಾದುದು. ಒಣನೆಲಕ್ಕೆ ವಿಶೇಷವಾಗಿ ಒಪ್ಪುವಂಥದು. ಆಗತಾನೆ ಅರಳಿದ ಸೆಸ್ಪಿಟೋಸದ ಹೂವಿನ ಮುಖದ ಮೇಲೆ ಗಾಳಿಯ ತೇವ ಸುತ್ತಲಿನ ಗಾಳಿಗಿಂತ ಸ್ವಲ್ಪ ಹೆಚ್ಚಾಗಿರುತ್ತದೆ. ಕೊಳವೆಯಲ್ಲಿ ತುಂಬಿರುವ ಮಕರಂದದಿಂದ ಏಳುವ ಆವಿ ಇದಕ್ಕೆ ಒಂದು ಕಾರಣ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈಲ್ಸ್ ಪತಂಗಗಳ ಮುಂದೆ ಕೃತಕ ಹೂಗಳನ್ನಿಟ್ಟು, ಕೆಲವಕ್ಕೆ ಮಾತ್ರ ಇಂಥ ತೇವವನ್ನು ಕೂಡಿಸಲಾಯಿತು. ಶೇಕಡಾ 4ರಷ್ಟು ಅಲ್ಪವಾದ ವ್ಯತ್ಯಾಸವನ್ನೂ ಪತಂಗಗಳು ಗುರುತಿಸಿ, ತೇವವುಳ್ಳ ಹೂವನ್ನೇ ಹೆಚ್ಚಾಗಿ ಆರಿಸಿಕೊಂಡವು. ತೇವವಿದ್ದರೆ ಮಕರಂದವಿದೆ, ಆರಿದ್ದರೆ ಯಾರೋ ಮೊದಲೇ ಬಂದು ಹೀರಿರಬಹುದು. ಬಣ್ಣವೂ ಕಂಪೂ ಬರಿದಾದ ಹೂವಿನಲ್ಲಿಯೂ ಉಳಿದಿರುವುದು ಸಾಧ್ಯ; ಈ ತೇವ ಮಾತ್ರ ಕೊಳವೆಯಲ್ಲಿರುವುದನ್ನು ಪ್ರಾಮಾಣಿಕವಾಗಿ ಹೇಳುತ್ತದೆ. ಹಗಲಾಗಿದ್ದರೆ ನಷ್ಟವೆನಿಸುತ್ತಿದ್ದ ನೀರಿನ ಆವಿ ರಾತ್ರಿಯಲ್ಲಿ ಹೀಗೆ ಒಂದು ಸಂಕೇತವಾಗಿ ಉಪಯೋಗಕ್ಕೆ ಬರುತ್ತದೆ.

ಪರಿಮಳಕ್ಕೂ ಒಂದು ಬೆಲೆಯುಂಟೆಂಬುದನ್ನು ಇಲ್ಲಿ ಸೂಚಿಸಬೇಕು. ಮಾಂಫ ಎಂಬ ಅತಿ ಸಣ್ಣ ಪತಂಗದ ಮರಿಹುಳುಗಳು ಮುಸ್ಸಂಜೆ ಹೂವಿನ ಮೊಗ್ಗುಗಳೊಳಗೆ ಸೇರಿ ತಿನ್ನುತ್ತವೆ. ಲಿನಲೂಲ್ ಎಂಬ ಸುಗಂಧದ್ರವ್ಯ ಗಿಡುಗ ಪತಂಗಗಳನ್ನು ಮಾತ್ರವಲ್ಲದೆ ಈ ಶತ್ರುವನ್ನೂ ಕರೆಯಬಹುದೆಂಬ ಊಹೆಯನ್ನು ಹಿಡಿದು ಅಮೆರಿಕದಲ್ಲಿ ವಿಸ್ತಾರವಾದ ಸಂಶೋಧನೆ ನಡೆದಿದೆ. ಕೊಲರಾಡೊ ಸಂಸ್ಥಾನದ ಆಗ್ನೇಯ ಭಾಗದ ಹುಲ್ಲುಬಯಲಿಗೆ ಮಾತ್ರ ಸೀಮಿತವಾದ ಈನೋತೆರ ಹ್ಯಾರಿಂಗ್ಟೋನಿಯ ಪ್ರಭೇದದಲ್ಲಿ ಕೆಲವು ಸಮೂಹಗಳ ಹೂಗಳು ಲಿನಲೂಲನ್ನು ಬೀರುತ್ತವೆ, ಕೆಲವು ಬೀರುವುದಿಲ್ಲ. ಕರೆಯುವ ಕಂಪು ಯಾರ ಕಿವಿಗೆ ಬೀಳಬೇಕೋ ಅವರಿಗಷ್ಟೇ ಬೀಳುವಂತೆ ಮಾಡುವುದು ಗಿಡದ ಕೈಯಲ್ಲಿಲ್ಲ.

೬. ದೂರದ ಪ್ರಶ್ನೆ

ಹುಲ್ಲುಬಯಲು ಈಗ ಹಿಂದಿನಂತೆ ಅಖಂಡವಾಗಿ ಉಳಿದಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಅದರ ಬಹುಭಾಗ ಉಳುಮೆಗೂ ದನಗಳ ಮೇವಿಗೂ ಊರುಗಳಿಗೂ ರಸ್ತೆಗಳಿಗೂ ಹೋಗಿದೆ. ಮೂಲ ಸಸ್ಯಗಳು ತುಂಡು ತುಂಡಾದ ನೆಲದಲ್ಲಿ ಉಳಿದುಕೊಂಡಿವೆ. ಸ್ವಪರಾಗ ಫಲಿಸದ ಸಸ್ಯಕ್ಕೆ ಇದರಿಂದ ಹೆಚ್ಚಿನ ಹಾನಿಯಾಗಬೇಕೆಂದು ಯಾರಿಗಾದರೂ ತೋರುತ್ತದೆ.

ಆದರೆ ಹ್ಯಾರಿಂಗ್ಟೋನಿಯವನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಬೇರೆ. ನೆಲದ ಬಳಕೆಯ ಬದಲಾವಣೆಯಿಂದ ಈ ಸಸ್ಯದ ಸಂತಾನೋತ್ಪತ್ತಿ ಗಮನಾರ್ಹವಾಗಿ ಕುಗ್ಗಿದ ಲಕ್ಷಣ ಕಂಡುಬರಲಿಲ್ಲ. ಕದಡಿದ ನೆಲದಲ್ಲಿಯೂ ಬದುಕಬಲ್ಲ ಗುಣ ಇದಕ್ಕಿದೆ. ಅದಕ್ಕಿಂತ ಮುಖ್ಯವಾಗಿ ಅದರ ಪರಾಗವನ್ನು ಹೊರುವವರು ಗಿಡುಗ ಪತಂಗಗಳು. ನಡುವೆ ಹೊಲ ಬಂದರೂ ರಸ್ತೆ ಬಂದರೂ ದಾಟಿ ಹೋಗಬಲ್ಲ ವಾಹಕವಿರುವಾಗ ತುಂಡಾದ ನೆಲಗಳು ಪರಾಗದ ದೃಷ್ಟಿಯಿಂದ ಪೂರ್ತಿ ಬೇರೆಯಾಗುವುದಿಲ್ಲ.

ಈ ಫಲಿತಾಂಶ ಸಮಾಧಾನಕರವಾದುದೇ ಸರಿ. ಆದರೆ ಇದರ ಹಿಂದಿರುವ ನಿಬಂಧನೆಯನ್ನು ನಾವು ಗಮನಿಸಬೇಕು. ಪತಂಗ ದೂರವನ್ನು ದಾಟುವುದು ರೆಕ್ಕೆಯ ಬಲದಿಂದ. ಯಾವ ಕಡೆಗೆ ದಾಟಬೇಕೆಂದು ತಿಳಿಯುವುದು ಪರಿಮಳದಿಂದ. ನೆಲ ತುಂಡಾದಷ್ಟೂ ಹೂಗಳ ನಡುವಿನ ಅಂತರ ಹೆಚ್ಚುತ್ತದೆ. ಅಂತರ ಹೆಚ್ಚಿದಷ್ಟೂ ದೂರಕ್ಕೆ ಮುಟ್ಟುವ ಪರಿಮಳದ ಮೇಲಿನ ಭಾರವೂ ಹೆಚ್ಚುತ್ತದೆ. ಪರಿಮಳವೇ ದಾರಿಯಲ್ಲಿ ಕೆಟ್ಟರೆ ಏನಾದೀತೆಂಬುದು ಸಹಜವಾಗಿಯೇ ಮುಂದಿನ ಪ್ರಶ್ನೆ.

೭. ಇರುಳ ಗಾಳಿಯ ಬದಲಾವಣೆ

ಈ ಪ್ರಶ್ನೆಗೆ ಉತ್ತರವನ್ನು ಒದಗಿಸಿದ್ದು ಇದೇ ಜಾತಿಯ ಇನ್ನೊಂದು ಪ್ರಭೇದ, ಈನೋತೆರ ಪ್ಯಾಲಿಡ. ಇದು ಪಶ್ಚಿಮ ಅಮೆರಿಕದ ಒಣ ಮರಳುನೆಲಗಳಲ್ಲಿ ಬೆಳೆಯುತ್ತದೆ. ಸೆಸ್ಪಿಟೋಸದಂತೆಯೇ ಬಿಳಿಯ ಹೂವು, ರಾತ್ರಿಯ ಕಂಪು, ಪತಂಗಗಳ ಭೇಟಿ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಜೀವಶಾಸ್ತ್ರಜ್ಞರೂ ವಾಯುಮಂಡಲದ ರಸಾಯನವನ್ನು ಬಲ್ಲವರೂ ಒಟ್ಟುಗೂಡಿ ಆ ಸಂಸ್ಥಾನದ ಪೂರ್ವಭಾಗದಲ್ಲಿ ಇದನ್ನು ಪರೀಕ್ಷಿಸಿ, 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು.

ಮೊದಲು ರಸಾಯನದ ಭಾಗವನ್ನು ತಿಳಿಯೋಣ. ವಾಹನಗಳ ಹೊಗೆಯಿಂದಲೂ ಇಂಧನವನ್ನು ಸುಡುವ ಕಾರ್ಖಾನೆಗಳಿಂದಲೂ ನೈಟ್ರೋಜನ್ನಿನ ಆಕ್ಸೈಡುಗಳು ಗಾಳಿಗೆ ಸೇರುತ್ತವೆ. ನೈಟ್ರೋಜನ್ ಡೈಆಕ್ಸೈಡು ಓಝೋನಿನೊಡನೆ ಕೂಡಿದಾಗ, ಒಂದು ನೈಟ್ರೋಜನ್ ಪರಮಾಣುವಿಗೆ ಮೂರು ಆಕ್ಸಿಜನ್ ಪರಮಾಣುಗಳು ಸೇರಿದ ನೈಟ್ರೇಟ್ ರ‍್ಯಾಡಿಕಲ್ ಎಂಬ ತೀವ್ರವಾದ ವಸ್ತು ಉಂಟಾಗುತ್ತದೆ. ಜೋಡಿಯಿಲ್ಲದ ಎಲೆಕ್ಟ್ರಾನೊಂದು ಇದರಲ್ಲಿರುವುದರಿಂದ ಸಿಕ್ಕಿದ ಅಣುವಿನೊಡನೆ ಕೂಡಲು ಇದು ಆತುರಪಡುತ್ತದೆ. ಹಗಲಿನಲ್ಲಿ ಸೂರ್ಯನ ಬೆಳಕು ಇದನ್ನು ಕ್ಷಣಗಳಲ್ಲಿ ಒಡೆದುಹಾಕುತ್ತದೆ. ಕತ್ತಲಾದ ಮೇಲೆ ಒಡೆಯುವ ಬೆಳಕಿಲ್ಲದೆ ಗಾಳಿಯಲ್ಲಿ ಉಳಿದುಕೊಳ್ಳುತ್ತದೆ. ಹೀಗೆ ಇದು ಮುಖ್ಯವಾಗಿ ರಾತ್ರಿಯ ಮಾಲಿನ್ಯ. ಮಾನೋಟರ್ಪೀನುಗಳ ಅಣುಗಳಲ್ಲಿ ಇಂಗಾಲದ ಇಮ್ಮಡಿ ಬಂಧಗಳಿವೆ. ನೈಟ್ರೇಟ್ ರ‍್ಯಾಡಿಕಲ್ ಹಿಡಿಯುವುದು ಆ ಬಂಧಗಳನ್ನೇ. ಕಂಪಿನ ಅಣು ಮುರಿದು ಬೇರೆ ವಸ್ತುವಾಗುತ್ತದೆ. ಪತಂಗದ ಮೀಸೆ ಅದನ್ನು ಹೂವಿನ ಕಂಪೆಂದು ಗುರುತಿಸುವುದಿಲ್ಲ.

ಸಂಶೋಧಕರು ಮೊದಲು ಹೂವಿನ ಪರಿಮಳದಲ್ಲಿರುವ ದ್ರವ್ಯಗಳನ್ನು ಬೇರ್ಪಡಿಸಿ, ಪತಂಗದ ಮೀಸೆ ಯಾವುದಕ್ಕೆ ಹೆಚ್ಚಾಗಿ ಪ್ರತಿಕ್ರಿಯಿಸುತ್ತದೆಂದು ಅಳೆದರು. ಅವು ಮಾನೋಟರ್ಪೀನುಗಳೆಂದು ಕಂಡುಬಂತು. ರ‍್ಯಾಡಿಕಲ್ಲಿನ ಸಂಪರ್ಕದಲ್ಲಿ ಬೇಗನೆ ನಾಶವಾಗುವವೂ ಅವೇ. ಬಳಿಕ ಗಾಳಿಯ ಸುರಂಗದಲ್ಲಿ ಪತಂಗಗಳನ್ನು ಹಾರಿಸಿ ನೋಡಲಾಯಿತು. ರ‍್ಯಾಡಿಕಲ್ಲಿಗೆ ಗುರಿಯಾದ ಪರಿಮಳವನ್ನು ಅನುಸರಿಸಿ ಹೂವನ್ನು ಮುಟ್ಟುವ ಸಾಮರ್ಥ್ಯ ಮ್ಯಾಂಡೂಕ ಸೆಕ್ಸ್‌ಟದಲ್ಲಿ ಅರ್ಧದಷ್ಟಕ್ಕೆ ಇಳಿಯಿತು. ಹೈಲ್ಸ್ ಲೀನಿಯೇಟಕ್ಕಂತೂ ಪರಿಮಳದ ಮೂಲವನ್ನು ಕಂಡುಹಿಡಿಯುವುದೇ ಸಾಧ್ಯವಾಗಲಿಲ್ಲ. ಕೊನೆಯಲ್ಲಿ ಬಯಲಿನಲ್ಲಿಯೇ ಕೃತಕ ಹೂಗಳನ್ನಿಟ್ಟು ಪರೀಕ್ಷಿಸಿದರು. ಕೆಡದ ಪರಿಮಳವನ್ನು ಬೀರುವ ಕೃತಕ ಹೂವಿಗೆ ಪತಂಗಗಳು ನಿಜವಾದ ಹೂವಿಗೆ ಬರುವಂತೆಯೇ ಬಂದವು. ಕೆಟ್ಟ ಪರಿಮಳದ ಹೂವಿಗೆ ಬಂದವುಗಳ ಸಂಖ್ಯೆ ಶೇಕಡಾ 70ರವರೆಗೆ ಕುಸಿಯಿತು. ಭೇಟಿಗಳು ಇಷ್ಟು ಕುಸಿದರೆ ಈ ಪ್ರಭೇದದ ಕಾಯಿ ಕಟ್ಟುವಿಕೆ ಸುಮಾರು ಶೇಕಡಾ 28ರಷ್ಟು ಕಡಮೆಯಾದೀತೆಂದು ಅವರ ಅಂದಾಜು.

ಈ ಅಂಕಿಗಳನ್ನು ವಿವೇಚನೆಯಿಂದ ಗ್ರಹಿಸಬೇಕು. ಭೇಟಿಗಳ ಕುಸಿತಕ್ಕಿಂತ ಕಾಯಿಯ ಕುಸಿತ ಕಡಮೆಯಾಗಿರುವುದಕ್ಕೆ ಕಾರಣ, ಉಳಿದ ಕೆಲವೇ ಭೇಟಿಗಳೂ ಇತರ ಕೀಟಗಳೂ ಒಂದಷ್ಟು ಕೆಲಸವನ್ನು ಪೂರೈಸುವುದು. ಒಂದು ಪ್ರಭೇದದಲ್ಲಿ ದೊರೆತ ಪ್ರಮಾಣ ಇನ್ನೊಂದರಲ್ಲಿ ಹಾಗೆಯೇ ದೊರೆಯಬೇಕೆಂಬ ನಿಯಮವೂ ಇಲ್ಲ. ಆದರೆ ಮೂಲತತ್ತ್ವ ಸ್ಪಷ್ಟವಾಗಿದೆ. ಪರಿಮಳ ಹೂವಿನ ಬಳಿಯಲ್ಲಿ ಬಲವಾಗಿಯೇ ಇರುತ್ತದೆ. ಹೂವಿನಿಂದ ದೂರ ಸರಿದಂತೆ ರ‍್ಯಾಡಿಕಲ್ಲಿನ ಸಂಪರ್ಕದ ಕಾಲ ಹೆಚ್ಚಿ ಅದು ಅಳಿಯುತ್ತದೆ. ಅಂದರೆ ಈ ಮಾಲಿನ್ಯದಿಂದ ಕುಗ್ಗುವುದು ಪರಿಮಳ ಮುಟ್ಟುವ ದೂರ. ತುಂಡಾದ ನೆಲದಲ್ಲಿ ಹೂವಿಗೆ ಅತ್ಯಗತ್ಯವಾದುದು ಆ ದೂರವೇ ಎಂಬುದನ್ನು ಮೇಲೆ ನೋಡಿದೆವು. ಒಂದು ಕಡೆ ಹೂಗಳ ನಡುವಿನ ಅಂತರ ಹೆಚ್ಚಿ, ಇನ್ನೊಂದು ಕಡೆ ಕಂಪಿನ ವ್ಯಾಪ್ತಿ ಕುಗ್ಗಿದಾಗ, ಎರಡೂ ಸೇರಿ ಆಗುವ ಹಾನಿ ಬಿಡಿಬಿಡಿಯಾಗಿ ಎಣಿಸಿದ್ದಕ್ಕಿಂತ ಹೆಚ್ಚಾಗಬಹುದೆಂದು ಶಂಕಿಸಲು ಕಾರಣವಿದೆ.

೮. ಉಪಸಂಹಾರ

ಅಪರೂಪವಾದ ಸಸ್ಯವನ್ನು ಕಾಪಾಡುವುದೆಂದರೆ ಅದು ಬೆಳೆಯುವ ನೆಲಕ್ಕೆ ಬೇಲಿ ಹಾಕುವುದೆಂದೋ, ಬೀಜವನ್ನು ಸಂಗ್ರಹಿಸಿ ಉದ್ಯಾನದಲ್ಲಿ ಬೆಳೆಸುವುದೆಂದೋ ಸಾಮಾನ್ಯವಾಗಿ ತಿಳಿಯಲಾಗಿದೆ. ಇವು ಅಗತ್ಯವಾದ ಕೆಲಸಗಳೇ. ಆದರೆ ಮುಸ್ಸಂಜೆ ಹೂವಿನ ಬಾಳು ಅದರ ಬೇರಿನಿಂದ ದಳದವರೆಗೆ ಮುಗಿಯುವುದಿಲ್ಲ. ಪತಂಗದ ಮರಿಹುಳುಗಳು ಬೆಳೆಯುವ ಗಿಡಗಳು, ಪತಂಗ ಹಾರುವ ಕತ್ತಲು, ಕಂಪು ಸಾಗುವ ಗಾಳಿ ಇವೆಲ್ಲವೂ ಅದರ ಬಾಳಿಗೆ ಸೇರಿದವು. ಬೇಲಿಯೊ‌ಳಗೆ ಗಿಡ ಹಸುರಾಗಿಯೇ ಇದ್ದು, ಪ್ರತಿ ಸಂಜೆ ತಪ್ಪದೆ ಅರಳಿಯೂ, ಮುಟ್ಟುವವರಿಲ್ಲದೆ ಬೆಳಗ್ಗೆ ಬಾಡಬಹುದು. ಬಹುವಾರ್ಷಿಕವಾದ ಸೆಸ್ಪಿಟೋಸದಂಥ ಸಸ್ಯದಲ್ಲಿ ಈ ಕೊರತೆ ವರ್ಷಗಳವರೆಗೆ ಹೊರಗೆ ಕಾಣಿಸದು. ಹಳೆಯ ಗಿಡಗಳು ನಿಂತಿರುವುದನ್ನು ಕಂಡು ಎಲ್ಲವೂ ಕ್ಷೇಮವೆಂದು ಭಾವಿಸುವ ಅಪಾಯವುಂಟು. ಬೀಜಗಳನ್ನೂ ಸಸಿಗಳನ್ನೂ ಎಣಿಸಿದಾಗಲೇ ನಿಜಸ್ಥಿತಿ ತಿಳಿಯುವುದು.

ಈ ವಿಚಾರ ಅಮೆರಿಕದ ಬಯಲಿಗೆ ಮಾತ್ರ ಸಂಬಂಧಿಸಿದುದಲ್ಲ. ಗಿಡುಗ ಪತಂಗಗಳು ನಮ್ಮ ನಾಡಿನಲ್ಲಿಯೂ ಉಂಟು; ಅಮೆರಿಕದಿಂದಲೇ ಬಂದು ನಮ್ಮ ಹಿತ್ತಿಲುಗಳಲ್ಲಿ ನೆಲೆಗೊಂಡ ಸಂಜೆಮಲ್ಲಿಗೆಯ ಉದ್ದನೆಯ ಕೊಳವೆಯೂ ಇಂಥ ಪತಂಗಗಳ ನಳಿಕೆಗೆ ತಕ್ಕುದಾಗಿಯೇ ಇದೆ. ವಾಹನಗಳ ಹೊಗೆಯೂ ಓಝೋನೂ ರಾತ್ರಿಯ ಗಾಳಿಯಲ್ಲಿ ಕೂಡಿದಾಗ ನಡೆಯುವ ರಾಸಾಯನಿಕ ಕ್ರಿಯೆ ಎಲ್ಲಿಯೂ ಒಂದೇ. ಬೆಂಗಳೂರಿನ ಮೇಲಿನ ಗಾಳಿಯಲ್ಲಿ ಅದು ಬೇರೆಯಾಗುವುದಿಲ್ಲ. ಆದಕಾರಣ ನಮ್ಮಲ್ಲಿ ರಾತ್ರಿ ಅರಳುವ ಹೂಗಳನ್ನು ವ್ಯಾಸಂಗಕ್ಕೆ ತೆಗೆದುಕೊಳ್ಳುವ ವಿದ್ಯಾರ್ಥಿಗಳು ಹೂವಿನ ಅಳತೆ, ಅರಳುವ ವೇಳೆ, ಬರುವ ಕೀಟಗಳು ಇವುಗಳ ಜೊತೆಗೆ ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳುವುದು ಉಚಿತವೆಂದು ನಮ್ಮ ಸೂಚನೆ: ಹೂವಿನ ಕಂಪಿನಲ್ಲಿರುವ ದ್ರವ್ಯಗಳು, ಆ ಸ್ಥಳದ ರಾತ್ರಿಯ ಗಾಳಿಯ ಸ್ಥಿತಿ, ಋತುವಿನ ಕೊನೆಯಲ್ಲಿ ಕಾಯಿ ಕಟ್ಟಿದ ಹೂಗಳ ಪ್ರಮಾಣ. ಊರಿನ ಒಳಗೊಂದು, ಊರಿನಿಂದ ದೂರದಲ್ಲೊಂದು, ಹೀಗೆ ಎರಡು ಕಡೆಗಳಲ್ಲಿ ಒಂದೇ ಸಸ್ಯವನ್ನು ಹೋಲಿಸಿ ನೋಡುವುದಕ್ಕೆ ದೊಡ್ಡ ಸಾಧನಗಳೇನೂ ಬೇಕಾಗಿಲ್ಲ. ಕಾಯಿಗಳನ್ನು ಎಣಿಸುವ ತಾಳ್ಮೆಯೂ ಕೆಲವು ರಾತ್ರಿಗಳ ಎಚ್ಚರವೂ ಇದ್ದರೆ ಈ ಕೆಲಸವನ್ನು ಮೊದಲುಮಾಡಬಹುದು.